ಫಾನೂಸ್ ಸತ್ತ ಮೇಲೆ ಬಂದ ಮಳೆ

ಸಮುದ್ರವನ್ನೇ ಕಾಣದ ಊರಿನಲ್ಲಿ ಕೂತು ಸಮುದ್ರಕ್ಕೆ ಹೆದರುವವನು ಯಾರಾದರೂ ಇದ್ದರೆ ಅದು ಲಿಂಗಣ್ಣನೇ. ಮಾಯಸಂದ್ರ ದಾಟಿ ತುರುವೇಕೆರೆ ಕಡೆ ಬರುವಾಗ ರಸ್ತೆಯ ಎಡಕ್ಕೊಂದು ಕೆರೆ, ಕೆರೆಯ ಹಿಂದೆ ತೆಂಗಿನ ತೋಟ, ತೋಟದ ಸಂದಿಯಲ್ಲಿ ಒಂದು ಹಿಡಿ ಮನೆ. ಆ ಊರಿನವರು ಕಣ್ಣಾರೆ ಕಂಡ ದೊಡ್ಡ ನೀರು ಅಂದರೆ ಕೋಡಿ ಬಿದ್ದಾಗಿನ ಆ ಕೆರೆಯೊಂದೇ. ಲಿಂಗಣ್ಣ ಮಾತ್ರ ಬೆಳಗ್ಗೆ ಎದ್ದವನೇ ದನಕ್ಕೆ ಹುಲ್ಲು ಹಾಕುವ ಮುಂಚೆ ಬಂಗಾಳ ಕೊಲ್ಲಿಯ ಯೋಗಕ್ಷೇಮ ವಿಚಾರಿಸಬೇಕು. ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಜಗಲಿಯ ಮೇಲೆ ಕೂತರೆ ಹೆಂಡತಿ ಚೌಡಮ್ಮ ಕಾಫಿ ಲೋಟವನ್ನು ಪಕ್ಕದಲ್ಲಿ ಕುಕ್ಕಿ, "ಏನಂತೆ ನಿಮ್ಮ ಬೀಗರ ಸಮಾಚಾರ?" ಅನ್ನುತ್ತಿದ್ದಳು.

ಊರಿನವರು ಅವನನ್ನು ಗಾಳಿ ಲಿಂಗಣ್ಣ ಅಂತ ಕರೆಯಲು ಶುರುಮಾಡಿ ಎಷ್ಟೋ ಕಾಲವಾಗಿತ್ತು. ನಗುವವರು ನಗಲಿ, ಅವನ ಹೆದರಿಕೆ ಸುಳ್ಳಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಆಂಧ್ರದ ಕರಾವಳಿಗೆ ಬಡಿದ ಗಾಳಿಯ ಸುದ್ದಿಯನ್ನು ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ಕೇಳಿದ್ದ. ಊರಿಗೆ ಊರೇ ದನಕರು ಸಮೇತ ನೀರಿನ ಪಾಲಾಯಿತು ಅಂತ ಆ ತಣ್ಣನೆಯ ದನಿ ಹೇಳಿದ್ದು ಕಿವಿಯಿಂದ ಇಳಿದು ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಅವತ್ತಿನಿಂದ ತೆಂಗಿನ ಗರಿ ಸ್ವಲ್ಪ ಜೋರಾಗಿ ಬಡಿದಾಡಿದರೂ ಅವನು ಎದ್ದು ಆಕಾಶ ನೋಡುತ್ತಿದ್ದ. ಹೆದರಿಕೆಯೂ ಒಂದು ಚಟ ಕಣ್ರೀ, ಹತ್ತಿಕೊಂಡರೆ ಬೀಡಿಗಿಂತ ಕಡೆ.

ಈ ಚಟಕ್ಕೆ ಜೊತೆಗಾರನಾಗಿ ಸಿಕ್ಕವನು ದಯಾನಂದ. ತುರುವೇಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಎರಡು ಕಂಪ್ಯೂಟರ್ ಇಟ್ಟುಕೊಂಡು ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದ, ವಯಸ್ಸು ಮೂವತ್ತಾದರೂ ಹೆಣ್ಣು ನೋಡುವುದು ಬಿಟ್ಟು ಮೋಡ ನೋಡುತ್ತಿದ್ದ ಆಸಾಮಿ. ಲಿಂಗಣ್ಣ ಸಂತೆಗೆ ಅಂತ ಹೋದವನು ಅಲ್ಲೇ ಠಿಕಾಣಿ ಹೂಡುತ್ತಿದ್ದ. ಉಪಗ್ರಹದ ಚಿತ್ರ ಪರದೆಯ ಮೇಲೆ ಒಂದೊಂದೇ ಗೆರೆಯಾಗಿ ಇಳಿಯುವಾಗ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಆಗಿನ್ನೂ ಬಂಗಾಳ ಕೊಲ್ಲಿಯ ಗಾಳಿಗಳಿಗೆ ಹೆಸರಿಡುವ ಪದ್ಧತಿ ಹೊಸದು, ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಸುತ್ತಲಿನ ಎಂಟು ದೇಶಗಳು ಮುಂಚೆಯೇ ಹೆಸರು ಕೊಟ್ಟು ಸಾಲಾಗಿ ಇಟ್ಟಿದ್ದವು. ಗಾಳಿ ಹುಟ್ಟಿ ಇಂತಿಷ್ಟು ವೇಗ ದಾಟಿದರೆ ಸಾಲಿನ ಮುಂದಿನ ಹೆಸರು ಅದಕ್ಕೆ. ವೇಗ ಇಳಿದರೆ ಅದು ಬರೀ ವಾಯುಭಾರ ಕುಸಿತ. ಆಮೇಲೆ ಸುದ್ದಿಯಲ್ಲಿ ಅದರ ಹೆಸರು ಯಾರೂ ಎತ್ತುವುದಿಲ್ಲ. ಲಿಂಗಣ್ಣ ಇದನ್ನೆಲ್ಲ ಮನೆಯಲ್ಲಿ ಸಂಭ್ರಮದಿಂದ ಹೇಳಿದರೆ ಚೌಡಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಹುಟ್ಟೋಕೆ ಮುಂಚೆನೇ ಹೆಸರು ತೆಗೆದಿಟ್ಟವ್ರಾ? ಬಸುರಿ ಹೊಟ್ಟೇಲಿರೋ ಕೂಸಿಗೆ ಹೆಸರಿಡಬಾರ್ದು ಕಣ್ರೀ. ಹುಟ್ಟಿದ ಮ್ಯಾಲೆ ತಡ ಮಾಡ್ಬಾರ್ದು. ಹೆಸರಿಲ್ಲದ ಕೂಸು ಗಾಳಿಗೆ ಸದರ."

ಅವಳು ಹೇಳಿದ ಗಾಳಿ ದೆವ್ವದ್ದು, ಇವನು ಹೇಳಿದ ಗಾಳಿ ಸಮುದ್ರದ್ದು.

ಎರಡು ಸಾವಿರದ ಐದರ ನವೆಂಬರ್ ಕೊನೆಗೆ ಬಾಜ್ ಎದ್ದಿತು. ಬಾಜ್ ಅಂದರೆ ಗಿಡುಗ. ಹೆಸರು ಕೇಳಿಯೇ ಲಿಂಗಣ್ಣನಿಗೆ ಅರ್ಧ ಜೀವ ಹೋಯಿತು. ಅದು ನೇರ ಮದರಾಸಿಗೆ ಬಂದು, ಅಲ್ಲಿಂದ ಒಳನಾಡಿಗೆ ನುಗ್ಗಿ, ತೋಟವನ್ನೆಲ್ಲ ಮಗುಚಿ ಹಾಕುತ್ತದೆ ಅಂತ ಅವನು ಲೆಕ್ಕ ಹಾಕಿದ. ಮರ ಉಳಿಯದಿದ್ದರೆ ಕಾಯಿಯಾದರೂ ಉಳಿಯಲಿ ಅಂತ, ಪಕ್ಕದ ಸಾಲಿನ ದುರ್ಗಯ್ಯನನ್ನು ಮರ ಹತ್ತಿಸಿ ಇಡೀ ತೋಟದ ಕಾಯಿ ಕೀಳಿಸಿದ. ಬಲಿತದ್ದು, ಬಲಿಯದ್ದು, ಒಂದನ್ನೂ ಬಿಡಲಿಲ್ಲ.

ಕಿತ್ತ ಕಾಯಿ ಎಲ್ಲಿಡಬೇಕು? ಆ ಸೀಮೆಯಲ್ಲಿ ಕಾಯಿ ಇಡುವುದು ಅಟ್ಟದಲ್ಲಿ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ವರ್ಷ ತಿರುಗುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿ ಆಗುತ್ತದೆ. ಲಿಂಗಣ್ಣನ ಮನೆಯ ಹಿಂದಿನ ಕೋಣೆಯ ಮೇಲೆ ಅಂಥ ಅಟ್ಟವಿತ್ತು. ಅವನ ಅಜ್ಜನ ಕಾಲದ ಮಣ್ಣಿನ ಗೋಡೆ, ಗೋಡೆಯಿಂದ ಗೋಡೆಗೆ ತೆಂಗಿನ ತೊಲೆ, ತೊಲೆಯ ಮೇಲೆ ಅಡಿಕೆ ಮರ ಸೀಳಿದ ದಬ್ಬೆ. ಆ ಅಟ್ಟದಲ್ಲಿ ಹಿಂದಿನ ವರ್ಷದ ಕಾಯಿ ಆಗಲೇ ಒಣಗಿ ಕೂತಿತ್ತು. ಅದರ ಮೇಲೆ ಈ ಹಸಿ ಕಾಯಿ ಸುರಿಯಲು ಹೊರಟಾಗ ಚೌಡಮ್ಮ ಅಡ್ಡ ನಿಂತಳು.

"ನೀರು ತುಂಬಿರೋ ಕಾಯಿ ಕಣ್ರೀ, ಕಲ್ಲಿನಂಗೆ ತೂಕ. ಒಣಗಿದ್ದರ ಮ್ಯಾಲೆ ಹಸೀದು ಯಾರಾದ್ರೂ ಹಾಕ್ತಾರಾ?"

"ಗಾಳಿ ಹೋದ ಮೇಲೆ ಇಳಿಸ್ತೀನಿ ಕಣೇ. ನಾಕು ದಿನ."

ಕಾಯಿ ಅಟ್ಟ ಸೇರಿತು. ಜೊತೆಗೆ ಕಡಿದ ಗರಿ, ಹೊಂಬಾಳೆ, ಕಸಕಡ್ಡಿ ಎಲ್ಲವನ್ನೂ ಅವಸರದಲ್ಲಿ ಹಿತ್ತಲಿನ ಗೋಡೆಗೆ ಒರಗಿಸಿ ರಾಶಿ ಹಾಕಿಸಿದ. ಅಷ್ಟೆಲ್ಲ ಆದ ಮೇಲೆ ಬಾಜ್ ಏನು ಮಾಡಿತು ಗೊತ್ತೇ? ದಡ ಮುಟ್ಟುವ ಮುಂಚೆಯೇ ಸಮುದ್ರದಲ್ಲಿ ಸೊರಗಿ ಸತ್ತುಹೋಯಿತು. ಇತ್ತ ಒಂದು ಗರಿಯೂ ಅಲುಗಲಿಲ್ಲ. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲಿಂಗಣ್ಣ, ನಿನ್ನ ಗಿಡುಗ ಮೊಟ್ಟೆ ಇಡೋಕೆ ಹೋಯ್ತೇನಪ್ಪ" ಅಂತ ದುರ್ಗಯ್ಯ ಬಸ್ಸಿನಲ್ಲಿ ಎಲ್ಲರೆದುರಿಗೆ ಕೇಳಿದ. ಲಿಂಗಣ್ಣ ಇಂಗು ತಿಂದ ಮಂಗನ ಹಾಗೆ ಕಿಟಕಿಯಾಚೆ ನೋಡಿದ.

ಆ ನಗುವಿನ ಬಿಸಿ ಆರುವ ಮುಂಚೆಯೇ ಮಗಳು ಪದ್ಮಶ್ರೀಗೆ ನೋವು ಕಾಣಿಸಿಕೊಂಡಿತು. ಚೊಚ್ಚಲ ಹೆರಿಗೆಗೆ ಕಂದಿಕೆರೆಯಿಂದ ತವರಿಗೆ ಬಂದಿದ್ದಳು. ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಆಸ್ಪತ್ರೆಗೆ ಜೀಪಿನಲ್ಲಿ ಒಯ್ದರು, ಹೆಣ್ಣು ಮಗು ಆಯಿತು. ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಬರೀ ಬಟ್ಟೆ ಕೊಟ್ಟರೇನೋ ಅನ್ನುವಷ್ಟು ಹಗುರ. ಅಳು ಕೂಡ ಬೆಕ್ಕಿನ ಮರಿಯದ್ದು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: ಮಗು ತುಂಬ ವೀಕು, ಬೆಚ್ಚಗಿಡಿ, ತಣ್ಣನೆ ಗಾಳಿ ಸೋಕಿಸಬೇಡಿ, ಶೀತ ಆದರೆ ಉಳಿಯುವುದು ಕಷ್ಟ.

"ಏಳಕ್ಕೆ ಹುಟ್ಟಿದ್ದಾದ್ರೂ ಉಳೀತದೆ, ಎಂಟಕ್ಕೆ ಹುಟ್ಟಿದ್ದು..." ಅಂತ ಊರ ಹೆಂಗಸೊಬ್ಬಳು ಶುರುಮಾಡಿದ್ದಕ್ಕೆ ಚೌಡಮ್ಮ ಅವಳನ್ನು ಜಗಲಿಯಿಂದಲೇ ವಾಪಸು ಕಳಿಸಿದಳು. ಆದರೆ ಆ ಮಾತು ಮನೆಯೊಳಗೆ ಬಂದಾಗಿತ್ತು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನದು ಹಿಂದಿನ ಕೋಣೆ. ಕಿಟಕಿಯಿಲ್ಲ, ಗೋಡೆ ದಪ್ಪ, ಮೇಲೆ ಕಾಯಿ ತುಂಬಿದ ಅಟ್ಟವೇ ಹೊದಿಕೆ. ತಲತಲಾಂತರದಿಂದ ಆ ಮನೆಯ ಬಾಣಂತಿಯರೆಲ್ಲ ಮಲಗಿದ್ದು ಅಲ್ಲೇ. ಪದ್ಮಶ್ರೀಯನ್ನೂ ಕೂಸನ್ನೂ ಅಲ್ಲೇ ಮಲಗಿಸಿ, ಅಗ್ಗಿಷ್ಟಿಕೆ ಇಟ್ಟು, ಗಾಳಿ ಆಡದಂತೆ ಬಾಗಿಲು ಮುಚ್ಚಿದರು. ಸೋಮವಾರ ಹೆಸರಿಡುವುದು ಅಂತ ಗೊತ್ತಾಯಿತು. ಅಲ್ಲಿಯವರೆಗೆ ಕೂಸು ಉಸಿರಾಡುತ್ತಿದೆಯೇ ಅಂತ ಲಿಂಗಣ್ಣ ಗಳಿಗೆಗೊಮ್ಮೆ ಬಾಗಿಲ ಸಂದಿಗೆ ಕಿವಿ ಇಟ್ಟು ಕೇಳುತ್ತಿದ್ದ.

ಅಷ್ಟರಲ್ಲಿ ಕೊಲ್ಲಿಯಲ್ಲಿ ಇನ್ನೊಂದು ಎದ್ದಿತು. ದಯಾನಂದ ಫೋನ್ ಮಾಡಿ ಪಿಸುಗುಟ್ಟಿದ.

"ಅಣ್ಣಾ, ಫಾನೂಸ್ ಅಂತೆ. ನಮ್ ಅಂಗಡಿ ಪಕ್ಕದ ಟೈಲರ್ ಸಾಬ್ರನ್ನ ಕೇಳ್ದೆ, ಹಂಗಂದ್ರೆ ಲಾಟೀನು ಅಂದ್ರು. ಇದು ಬಾಜ್ ತರ ಅಲ್ಲ, ದಡದ ಕಡೆನೇ ಬತ್ತಾ ಐತೆ."

ಲಿಂಗಣ್ಣ ಈ ಸಲ ಯಾರಿಗೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಆದ ಮಂಗಳಾರತಿ ಸಾಕಾಗಿತ್ತು. ಒಳಗೊಳಗೇ ಬೇಯುತ್ತಾ ರೇಡಿಯೋ ಕೇಳಿದ. ಚೌಡಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಶುಕ್ರವಾರ ಅವಳೇ ಮಾತು ತೆಗೆದಳು. "ದುರ್ಗಯ್ಯ ಇವತ್ತು ಕೆಲಸ ಇಲ್ಲದೆ ಕೂತವ್ನೆ. ಆ ಹಸಿ ಕಾಯಿ ಇಳಿಸ್ಬುಡಿ. ತೊಲೆ ಬಾಗೈತೆ, ನಾನೇ ನೋಡ್ದೆ."

"ನಾಳೆ ನೋಡಾಣ ಇರು" ಅಂದ. ಗಾಳಿ ಬಂದರೆ ಹೊರಗಿಟ್ಟ ಕಾಯಿಯ ಗತಿಯೇನು ಅನ್ನುವುದು ಅವನ ಭಯ.

ಶನಿವಾರ ದಯಾನಂದನ ಫೋನ್ ಬಂತು. ದನಿಯಲ್ಲಿ ನಗುವಿತ್ತು. "ಹೋಯ್ತು ಬುಡಣ್ಣ. ದಡಕ್ಕೆ ಬರೋ ಹೊತ್ತಿಗೆ ಸೊರಗೋಯ್ತು. ದುರ್ಬಲಗೊಂಡಿದೆ ಅಂತ ಬಂತು. ಹೆಸರೂ ತೆಗೆದ್ಬುಟ್ರು, ಈಗ ಬರೀ ವಾಯುಭಾರ ಕುಸಿತ."

ಲಿಂಗಣ್ಣ ಫೋನ್ ಇಟ್ಟವನು ಅಲ್ಲೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ. ಆಮೇಲೆ ಅವನಿಗೆ ಒಂದು ಸಣ್ಣ ಆಸೆ ಹುಟ್ಟಿತು, ಮನುಷ್ಯನಲ್ಲವೇ. ಹೆದರಿಸಿ ನಗೆಪಾಟಲಾದವನು ಧೈರ್ಯ ಹೇಳಿಯಾದರೂ ಮಾನ ಉಳಿಸಿಕೊಳ್ಳಬೇಕು ಅಂದುಕೊಂಡ. ಬೀದಿಗೆ ಹೋಗಿ ಎಲ್ಲರಿಗೂ ಸಾರಿದ: ಹೆದರಬೇಡಿ, ಗಾಳಿ ಸತ್ತಿದೆ, ಹೆಸರೂ ಹೋಗಿದೆ, ಬಂದರೆ ನಾಲ್ಕು ಹನಿ. ದುರ್ಗಯ್ಯ, "ಹಂಗಾರೆ ಕಾಯಿ ಇಳಿಸ್ಲಾ?" ಅಂತ ಕೇಳಿದ. ಲಿಂಗಣ್ಣ ದೊಡ್ಡಸ್ತಿಕೆಯಿಂದ ಕೈ ಬೀಸಿದ. "ಸೋಮವಾರ ಹೆಸರಿಡೋದು ಕಳೀಲಿ ಕಣ್ಲಾ. ಬಾಣಂತಿ ತಲೆ ಮ್ಯಾಲೆ ದೂಳು ಯಾಕೆ."

ನಾಲ್ಕು ಹನಿ ಶನಿವಾರ ಸಂಜೆಗೇ ಶುರುವಾಯಿತು. ಗುಡುಗಿಲ್ಲ, ಮಿಂಚಿಲ್ಲ, ಗಾಳಿಯಂತೂ ಇಲ್ಲವೇ ಇಲ್ಲ. ತೆಂಗಿನ ಗರಿಗಳು ನೆಟ್ಟಗೆ ಇಳಿಬಿದ್ದು ನೀರು ಸುರಿಸುತ್ತಿದ್ದವು. ಹಿಡಿದ ಜಡಿ ಬಿಡಲಿಲ್ಲ. ಭಾನುವಾರ ಬೆಳಗಾದರೂ ಬೆಳಕಾಗಲಿಲ್ಲ. ಕರೆಂಟು ಹೋಯಿತು, ಹಿಂದೆಯೇ ಫೋನೂ ಸತ್ತಿತು. ಹೆಸರಿಡುವುದಕ್ಕೆ ನಾಳೆ ಅಳಿಯ ಹೇಗೆ ಬರುತ್ತಾನೋ ಅಂತ ಚೌಡಮ್ಮ ಗೊಣಗುತ್ತಾ ಅಗ್ಗಿಷ್ಟಿಕೆಗೆ ಕೆಂಡ ಹಾಕಿ ಹಾಕಿ ಬಂದಳು. ಲಿಂಗಣ್ಣ ಮಾತ್ರ ನಿರಾಳ. ಅವನಿಗೆ ಗೊತ್ತಿದ್ದ ಹೆದರಿಕೆ ಒಂದೇ, ಗಾಳಿಯದು. ಗಾಳಿ ಇಲ್ಲ ಅಂದ ಮೇಲೆ ಇನ್ನೇನು?

ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದಾಗ ಅವನಿಗೆ ಆ ಸದ್ದು ಕೇಳಿಸಿತು. ಕೊಟ್. ಸ್ವಲ್ಪ ಹೊತ್ತು ಬಿಟ್ಟು, ಕೊಟ್ ಕೊಟ್.

ಕಾಯಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಉಂಡೆ ಚಿಪ್ಪಿಗೆ ಬಡಿದು ಕೊಟ್ ಅಂದರೆ ಕೊಬ್ಬರಿ ಆಯಿತು ಅಂತ ಲೆಕ್ಕ. ತಿಪಟೂರು ಸೀಮೆಯವರಿಗೆ ಅದಕ್ಕಿಂತ ಹಿತವಾದ ಸದ್ದು ಇಲ್ಲ. ವರ್ಷವಿಡೀ ಕಾಯುವುದೇ ಅದಕ್ಕೆ. ಆದರೆ ಯಾರೂ ಹತ್ತದ ಅಟ್ಟದಲ್ಲಿ, ಹಸಿ ಕಾಯಿಯ ಅಡಿಯಲ್ಲಿ ಹೂತಿರುವ ಒಣ ಕಾಯಿ ತಾನಾಗಿ ಯಾಕೆ ಉರುಳಬೇಕು? ಇಲಿ ಇರಬೇಕು ಅಂದುಕೊಂಡ. ಮತ್ತೆ ಕೊಟ್ ಅಂದಿತು, ಈ ಸಲ ಉದ್ದಕ್ಕೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಅಷ್ಟು ಇಲಿ ಯಾವ ಮನೆಯಲ್ಲಿರುತ್ತವೆ.

ತಲೆಗೆ ಗೋಣಿಚೀಲ ಹಾಕಿಕೊಂಡು ಹಿತ್ತಲಿಗೆ ಓಡಿದ. ಅವಸರದಲ್ಲಿ ರಾಶಿ ಹಾಕಿಸಿದ ಗರಿ ಮತ್ತು ಕಸ ಹಿತ್ತಲಿನ ಚರಂಡಿಗೆ ಅಡ್ಡ ಬಿದ್ದು, ನೀರು ಹೋಗುವ ದಾರಿ ಪೂರ್ತಿ ಕಟ್ಟಿಕೊಂಡಿತ್ತು. ಸೂರಿನಿಂದ ಸುರಿದದ್ದೆಲ್ಲ ಗೋಡೆಯ ಬುಡದಲ್ಲೇ ನಿಂತು ಹೊಂಡವಾಗಿತ್ತು. ಗೋಡೆಗೆ ಬೆರಳು ಒತ್ತಿದ. ಬಿಸಿ ಮುದ್ದೆಗೆ ಹೋದ ಹಾಗೆ ಬೆರಳು ಒಳಗೆ ಹೋಯಿತು. ಕೈ ಹಿಂದಕ್ಕೆ ತೆಗೆದರೆ ಹಿಡಿ ಮಣ್ಣು ಕಳಚಿ ನೀರಿಗೆ ಬಿತ್ತು.

ಆ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಅಟ್ಟ, ಅಟ್ಟದ ಮೇಲೆ ಇಡೀ ತೋಟ. ಅದರ ಕೆಳಗೆ ಮಗಳು ಮತ್ತು ಕೂಸು. ಅಷ್ಟನ್ನೂ ಒಂದರ ಮೇಲೊಂದು ಇಟ್ಟವನು ತಾನೇ.

ಒಳಗೆ ಓಡಿ ಬಂದ. ಚೌಡಮ್ಮ ನಡುಮನೆಯಲ್ಲಿ ಕೂಸಿನ ಬಟ್ಟೆಯನ್ನು ಕೆಂಡದ ಮೇಲೆ ಹಿಡಿದು ಒಣಗಿಸುತ್ತಿದ್ದಳು.

"ಚೌಡಿ, ಪದ್ಮೀನೂ ಕೂಸ್ನೂ ಈಗ್ಲೇ ಆಚೆ ಕರ್ಕಂಡು ಬರಬೇಕು. ಅಟ್ಟ ಬೀಳ್ತದೆ."

ಅವಳು ತಲೆ ಎತ್ತಲಿಲ್ಲ. "ಹತ್ತು ದಿನದ ಕೆಳಗೆ ತೋಟ ಬೀಳ್ತದೆ ಅಂದ್ರಿ. ನೆನ್ನೆ ಏನೂ ಆಗಲ್ಲ ಅಂದ್ರಿ. ಇವತ್ತು ಅಟ್ಟನಾ?"

"ಅಲ್ಲ ಕಣೇ, ಗೋಡೆ ನೆಂದು..."

"ಈ ಮಳೇಲಿ ಕೂಸ್ನ ಆಚೆ ತೆಗೆದ್ರೆ ಏನಾಯ್ತದೆ ಗೊತ್ತೇನ್ರೀ ನಿಮಗೆ? ಡಾಕ್ಟರಮ್ಮ ಏನಂದ್ಲು? ಒಂದು ಗಾಳಿ ಸೋಕಿದ್ರೆ ಹೋಯ್ತದೆ ಆ ಜೀವ. ನಿಮ್ಮ ಹೆದರಿಕೆಗೆ ನನ್ನ ಮೊಮ್ಮಗಳ್ನ ಕೊಡಾಕಿಲ್ಲ." ಈಗ ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಕತ್ತಿಯಿತ್ತು.

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಒಳಗಿಟ್ಟರೆ ಅಟ್ಟ, ಹೊರಗೆ ತೆಗೆದರೆ ಶೀತ. ಮುಂಚೆ ನೂರು ಸಲ ಸುಮ್ಮಸುಮ್ಮನೆ ಹೆದರಿದ್ದರ ಸಾಲವೆಲ್ಲ ಈ ಒಂದು ಗಳಿಗೆಯಲ್ಲಿ ತೀರಿಸಬೇಕಾಗಿ ಬಂದಿತ್ತು. ಲಿಂಗಣ್ಣ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಅವಳ ಎರಡೂ ಕೈ ಹಿಡಿದುಕೊಂಡ.

"ನನ್ನ ಮಾತು ಕೇಳಬ್ಯಾಡ ಕಣೇ. ಸುಮ್ನೆ ಅಟ್ಟದ ಕಡೆ ಕಿವಿ ಕೊಡು, ಸಾಕು."

ಮಳೆಯ ಸದ್ದು ಬಿಟ್ಟರೆ ಮೊದಲು ಏನೂ ಇರಲಿಲ್ಲ. ಆಮೇಲೆ ಮೇಲಿನಿಂದ ಕೊಟ್ ಅಂದಿತು. ಕೊಟ್ ಕೊಟ್ ಕೊಟ್ ಅಂತ ಒಂದರ ಹಿಂದೆ ಒಂದು, ಯಾರೋ ಅಟ್ಟವನ್ನೇ ಮೊರದಂತೆ ಓರೆ ಮಾಡಿ ಕೇರುತ್ತಿರುವ ಹಾಗೆ. ಚೌಡಮ್ಮ ಹುಟ್ಟಿದಾಗಿನಿಂದ ಕಾಯಿಯ ನಡುವೆ ಬೆಳೆದವಳು. ದಡಬಡಿಸಿ ಎದ್ದು ಕೋಣೆಯ ಬಾಗಿಲು ನೂಕಿದಳು. ಬಾಗಿಲು ಕದಲಲಿಲ್ಲ.

ಇನ್ನೊಮ್ಮೆ ನೂಕಿದಳು. ಗೋಡೆ ಕುಗ್ಗಿ ಬಾಗಿಲವಾಡದ ಮೇಲಿನ ಪಟ್ಟಿ ಕದದ ಮೇಲೆ ಕೂತುಬಿಟ್ಟಿತ್ತು. ಅವಳು ಭುಜ ಕೊಡಲು ಹೋದಾಗ ಲಿಂಗಣ್ಣ ರಟ್ಟೆ ಹಿಡಿದು ಎಳೆದ.

"ಗುದ್ದಬ್ಯಾಡ. ಗುದ್ದಿದ್ರೆ ಗೋಡೆ ಹೋಯ್ತದೆ."

"ಅಪ್ಪಾಜಿ, ಏನಾಯ್ತು?" ಒಳಗಿನಿಂದ ಪದ್ಮಶ್ರೀಯ ದನಿ. "ಮೇಲಿಂದ ಮಣ್ಣು ಉದುರ್ತಾ ಐತೆ. ಕೂಸಿನ ಮ್ಯಾಲೆ ಬಿತ್ತು."

"ಏನಿಲ್ಲ ಮಗಾ. ಕೂಸ್ನ ಎತ್ಕಂಡು ಬಾಗಿಲ ಹತ್ರ ಬಾ. ಗೋಡೆ ಮುಟ್ಟಬ್ಯಾಡ. ಜೋರಾಗಿ ನಡೀಬ್ಯಾಡ." ತನ್ನ ಬಾಯಿಂದ ಅಷ್ಟು ತಣ್ಣಗೆ ಮಾತು ಹೊರಟದ್ದು ಅವನಿಗೇ ಆಶ್ಚರ್ಯ.

ಕಾಯಿ ಒಡೆಯುವ ಮಚ್ಚು ತಂದ. ಕದದ ಮೇಲ್ಭಾಗ ಪಟ್ಟಿಗೆ ಕಚ್ಚಿಕೊಂಡಿದ್ದ ಕಡೆ ಮರವನ್ನು ಸೀಳಿ ಸೀಳಿ ತೆಗೆಯಲು ಶುರುಮಾಡಿದ. ಬೀಸಿ ಹೊಡೆಯುವಂತಿಲ್ಲ, ಕಬ್ಬಿನ ಸಿಪ್ಪೆ ಹೆರೆದ ಹಾಗೆ ಹೆರೆಯಬೇಕು. ಹಳೇ ಹಲಸಿನ ಮರ, ಕಬ್ಬಿಣ. ಅವನು ಒಮ್ಮೆ ಹೆರೆದರೆ ಮೇಲೆ ಕೊಟ್ ಅನ್ನುತ್ತಿತ್ತು. ಇನ್ನೊಮ್ಮೆ ಹೆರೆದರೆ ಇನ್ನೊಮ್ಮೆ ಕೊಟ್. ಅವನು ನಿಲ್ಲಿಸಿದರೆ ಅದೂ ನಿಲ್ಲಿಸಿ ಕಾಯುತ್ತಿತ್ತು. ಅಪ್ಪನಾಣೆ, ಜೀವಮಾನದಲ್ಲಿ ಅವನು ಹೆದರಿದ ಚಂಡಮಾರುತಗಳನ್ನೆಲ್ಲ ಒಟ್ಟು ಸೇರಿಸಿದರೂ ಆ ಒಂದು ಸದ್ದಿಗೆ ಸಮನಾಗುತ್ತಿರಲಿಲ್ಲ. ಚೌಡಮ್ಮ ಕದಕ್ಕೆ ಕೆನ್ನೆ ಇಟ್ಟುಕೊಂಡು ಮಗಳಿಗೆ ಏನೇನೋ ಹೇಳುತ್ತಿದ್ದಳು, ಅವಳು ಚಿಕ್ಕವಳಿದ್ದಾಗ ಹೇಳುತ್ತಿದ್ದ ದನಿಯಲ್ಲಿ.

ಕೊನೆಗೆ ಕದ ಜರುಗಿತು. ಪೂರ್ತಿ ಅಲ್ಲ, ಒಂದು ಗೇಣು. "ಕೂಸ್ನ ಕೊಡು" ಅಂದ. ಸಂದಿಯಲ್ಲಿ ಮೊದಲು ಪದ್ಮಶ್ರೀಯ ಕೈ ಬಂತು, ಕೈಯ ಮೇಲೆ ಆ ಬಟ್ಟೆಯ ಗಂಟು. ಚೌಡಮ್ಮ ಅದನ್ನು ಕಸಿದುಕೊಂಡವಳೇ ಬಟ್ಟೆ ಬಿಚ್ಚಿ, ಬರೀ ಕೂಸನ್ನು ತನ್ನ ರವಿಕೆಯೊಳಗೆ ಎದೆಗೆ ಸೇರಿಸಿಕೊಂಡು, ಮೇಲೆ ಸೆರಗು ಸುತ್ತಿ, ಅದರ ಮೇಲೆ ಕಂಬಳಿ ಕೊಪ್ಪೆ ಎಳೆದುಕೊಂಡಳು.

"ದುರ್ಗಯ್ಯನ ಮನೆಗೆ ಹೋಗು. ಜನತಾ ಮನೆ, ಮೇಲೆ ಸ್ಲ್ಯಾಬ್ ಐತೆ. ನಿಲ್ಲಬ್ಯಾಡ."

"ಪದ್ಮಿ?"

"ನಾನಿವ್ನಿ. ಹೋಗೇ."

ಅವಳು ಮಳೆಗೆ ನುಗ್ಗಿದಳು. ಲಿಂಗಣ್ಣ ಮತ್ತೆ ಹೆರೆದ. ಒಳಗೆ ದಬ್ಬೆಯೊಂದು ಲಟಕ್ಕನೆ ಮುರಿಯಿತು, ಒಂದು ಕಾಯಿ ನೆಲಕ್ಕೆ ಬಿತ್ತು, ಪದ್ಮಶ್ರೀ ಸಣ್ಣಗೆ ಚೀರಿದಳು. ಇನ್ನು ಹೆರೆಯುವ ಕಾಲ ಮುಗಿಯಿತು ಅಂತ ಅವನಿಗೆ ಗೊತ್ತಾಯಿತು. ಸಂದಿಯ ಒಳಗೆ ತನ್ನ ಭುಜ ಸಿಕ್ಕಿಸಿ, ಹಲ್ಲು ಕಚ್ಚಿ ಕದವನ್ನು ಒತ್ತಿ ಹಿಡಿದ. "ಬಗ್ಗಿ ಬಾ ಮಗಾ." ಹಸಿ ಬಾಣಂತಿ, ಹೊಲಿಗೆ ಇನ್ನೂ ಒಣಗದ ಮೈ. ಅವನ ಕಾಲಿನ ಸಂದಿಯಲ್ಲಿ ತೆವಳಿಕೊಂಡು ಹೊರಬಂದಳು. ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಅವನು ನಡುಮನೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಬೆನ್ನ ಹಿಂದೆ ಅಟ್ಟ ಇಳಿಯಿತು.

ಗುಡುಗೂ ಅಲ್ಲ, ಸಿಡಿಲೂ ಅಲ್ಲ. ಲಾರಿಯಿಂದ ಕಾಯಿ ಸುರಿದ ಸದ್ದು, ಆದರೆ ಮುಗಿಯದ ಲಾರಿ. ಕೋಣೆ ತುಂಬಿ, ಕದ ಕಿತ್ತು, ಕಾಯಿಗಳು ನಡುಮನೆಗೆ ಉರುಳಿ ಬಂದವು. ಒಂದೆರಡು ಹೊಸಿಲು ದಾಟಿ ಜಗಲಿಯ ಮೇಲೆ ಅವನ ಕಾಲಿನ ಹತ್ತಿರ ಬಂದು ನಿಂತವು. ಅವನು ಹಿಂದಿರುಗಿ ನೋಡಲಿಲ್ಲ.

ದುರ್ಗಯ್ಯನ ಮನೆಯಲ್ಲಿ ಇನ್ನೂ ದೊಡ್ಡ ಭಯ ಕಾದಿತ್ತು. ಚೌಡಮ್ಮ ಒಲೆಯ ಮುಂದೆ ಕೂತಿದ್ದಳು. ಕಂಬಳಿ ನೆನೆದು ತೊಟ್ಟಿಕ್ಕುತ್ತಾ ಮೂಲೆಯಲ್ಲಿ ಬಿದ್ದಿತ್ತು. ಎದೆಯಲ್ಲಿದ್ದ ಕೂಸು ಅಳುತ್ತಿರಲಿಲ್ಲ. ತುಟಿ ನೇರಳೆಯ ಬಣ್ಣ, ಕಣ್ಣು ಮುಚ್ಚಿದ್ದವು. ಪದ್ಮಶ್ರೀ ಅದನ್ನು ನೋಡಿ ಕುಸಿದು ಕೂತಳು. ದುರ್ಗಯ್ಯ ಒಲೆಗೆ ಒಂದೇ ಸಮನೆ ತೆಂಗಿನ ಚಿಪ್ಪು ಒಟ್ಟುತ್ತಿದ್ದ. ಚೌಡಮ್ಮ ಅಂಗೈಯನ್ನು ಬೆಂಕಿಗೆ ಕಾಯಿಸುವುದು, ಕೂಸಿನ ಬೆನ್ನಿಗೆ ಇಡುವುದು, ಮತ್ತೆ ಕಾಯಿಸುವುದು. ಲಿಂಗಣ್ಣ ಗೋಡೆಗೆ ಒರಗಿ ನಿಂತು ಆ ಕೈಯನ್ನೇ ನೋಡುತ್ತಿದ್ದ. ಅಟ್ಟದಿಂದ ಉಳಿಸಿ ಮಳೆಗೆ ಕೊಟ್ಟೆನೇನೋ ಅನ್ನುವುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಕೂಸು ಹೋದರೆ ಈ ಹೆಂಗಸು ತನ್ನ ಮುಖ ನೋಡುವುದಿಲ್ಲ, ತಾನೂ ನೋಡಿಕೊಳ್ಳುವುದಿಲ್ಲ.

ಎಷ್ಟು ಹೊತ್ತಾಯಿತೋ, ಚೌಡಮ್ಮನ ಕೈ ತಟ್ಟನೆ ನಿಂತಿತು. ಅವಳು ತಲೆ ಬಗ್ಗಿಸಿ ಸೆರಗಿನೊಳಗೆ ನೋಡಿದಳು. ಕೂಸು ಬಾಯಿ ಅಗಲಿಸಿ, ಮೈಯೆಲ್ಲ ಮುದುರಿ, ಅತ್ತಿತು. ಬೆಕ್ಕಿನ ಮರಿಯ ಅಳುವಲ್ಲ ಅದು. ಬೀದಿಗೆ ಕೇಳಿಸುವಂತೆ, ಸಿಟ್ಟಿನಿಂದ, ಯಾರನ್ನೋ ಬಯ್ಯುವ ಹಾಗೆ ಅತ್ತಿತು. ಪದ್ಮಶ್ರೀ ತೆವಳಿ ಬಂದು ಅದನ್ನು ಎದೆಗೆ ಎತ್ತಿಕೊಂಡಳು. ಮೊದಲ ಸಲ ಅದು ಮೊಲೆ ಕಚ್ಚಿ ಬಿಡದೆ ಹಿಡಿಯಿತು.

ಲಿಂಗಣ್ಣ ಆಗ ಗೋಡೆಗುಂಟ ಜಾರಿ ನೆಲದ ಮೇಲೆ ಕೂತ. ಭುಜದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಈಗ ಉರಿಯುತ್ತಿತ್ತು. ದುರ್ಗಯ್ಯ ಕೈಯ ಮಸಿ ಒರೆಸಿಕೊಂಡು ಹೊರಗೆ ಮಳೆಯತ್ತ ನೋಡಿದ. ಇವತ್ತು ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

"ಲಿಂಗಣ್ಣ, ಇಷ್ಟೆಲ್ಲ ಮಾಡ್ತಲ್ಲ ಈ ಮಳೆ, ಇದರ ಹೆಸರೇನಪ್ಪ?"

"ಇದಕ್ಕೆ ಹೆಸರಿಲ್ಲ ಕಣಪ್ಪ. ಇತ್ತು. ನೆನ್ನೆ ದುರ್ಬಲ ಆಯ್ತು ಅಂತ ತೆಗೆದ್ಬುಟ್ರು."

ಚೌಡಮ್ಮ ಗಂಡನ ಕಡೆ ನೋಡಲಿಲ್ಲ. ಹಾಲು ಕುಡಿಯುತ್ತಿದ್ದ ಕೂಸಿನ ನೆತ್ತಿಯ ಮೇಲೆ ಮಣ್ಣಿನ ಪುಡಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಬೆರಳಿನಿಂದ ಒಂದೊಂದಾಗಿ ತೆಗೆಯುತ್ತಾ ಹೇಳಿದಳು:

"ನಾಳೆ ಬರಬ್ಯಾಡ ಅಂತ ಅಳಿಯಂಗೆ ಹೇಳಿ ಕಳ್ಸಿ. ಹೆಸರಿಲ್ಲದ್ದು, ದುರ್ಬಲ ಅನ್ನಿಸ್ಕಂಡಿದ್ದು, ಇಷ್ಟು ಗಟ್ಟಿ ಇರೋದಾದ್ರೆ, ನನ್ನ ಮೊಮ್ಮಗಳಿಗೂ ಇನ್ನೊಂದಷ್ಟು ದಿನ ಹೆಸರು ಬ್ಯಾಡ ಬುಡಿ."